ಸಹಾಯ ಬೇಕು: 24ನೇ ಮಿಷಿಗನ್ ಪದಾತಿ ದಳದ ಸೈನಿಕನ ಪಿಂಚಣಿ ಕಡತ

ವಾಷಿಂಗ್ಟನ್ ಕಡೆ ಇರುವ ಕನ್ನಡಿಗರು ಯಾರಾದರೂ ಅಲ್ಲಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಹಳೇ ಕಡತ ತೆಗೆಸಿದ್ದೀರಾ?

ನನ್ನ ಗಂಡ ಡೆಟ್ರಾಯಿಟ್‌ನವರು. ಅವರ ಮುತ್ತಜ್ಜನ ತಂದೆ ಅಮೆರಿಕದ ಅಂತರ್ಯುದ್ಧದಲ್ಲಿ ಈ ದಳದಲ್ಲಿದ್ದರಂತೆ. ಮನೆಯಲ್ಲಿ ಉಳಿದಿರುವುದು ಒಂದೇ ಫೋಟೊ. ಎತ್ತರದ ಕಪ್ಪು ಟೋಪಿ, ಅಂಚು ಒಂದು ಬದಿಗೆ ಮೇಲಕ್ಕೆ ಮಡಚಿದೆ. ಹಿಂಬದಿ ಪೆನ್ಸಿಲ್ಲಿನಲ್ಲಿ ‘ಕಂಪನಿ’ ಅಂತ ಬರೆದಿದೆ, ಮುಂದಿನ ಅಕ್ಷರ ಅಳಿಸಿಹೋಗಿದೆ. ಉತ್ತರದ ಸೈನ್ಯದ ಹಲವು ದಳಗಳು ಸೇರಿದ್ದ ಐರನ್ ಬ್ರಿಗೇಡ್‌ನವರದ್ದು ಇಂಥದೇ ಟೋಪಿ, ಈ ದಳವೂ ಅದರಲ್ಲಿತ್ತು. ಹಾಗಾಗಿ ಮನೆಯವರ ಮಾತು ಸುಳ್ಳಿರಲಿಕ್ಕಿಲ್ಲ. 1863ರ ಜುಲೈನಲ್ಲಿ ಗೆಟ್ಟಿಸ್‌ಬರ್ಗ್ ಕದನದಲ್ಲಿ ಈ ದಳದ 496 ಜನರಲ್ಲಿ 363 ಮಂದಿ ಸತ್ತರು, ಗಾಯಗೊಂಡರು ಇಲ್ಲವೇ ಸೆರೆಸಿಕ್ಕರು. ಇವರು ಬದುಕಿ ಬಂದಿದ್ದೇ ದೊಡ್ಡದು, ಅಲ್ವಾ?

ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಸೈನಿಕರ ಪಟ್ಟಿಯಲ್ಲಿ ಹುಡುಕಿದರೆ ಒಂದೇ ಹೆಸರಿನವರು ಇಬ್ಬರು! ಸೇವಾ ದಾಖಲೆಯಲ್ಲಿ ಸಿಗುವುದು ಹೆಚ್ಚಾಗಿ ಹಾಜರಿ, ಗಾಯ, ಬಿಡುಗಡೆ ಇಂಥವೇ. ಪಿಂಚಣಿ ಕಡತದಲ್ಲಾದರೆ ಮದುವೆ, ಹೆಂಡತಿ ಮಕ್ಕಳ ವಿವರ ಸಿಗುವುದು ಜಾಸ್ತಿ. ನಮಗೆ ಬೇಕಾಗಿರುವುದು ಅದೇ.

ಇಬ್ಬರದ್ದೂ ತರಿಸಬೇಕಾ? ಇಲ್ಲ, ಪಿಂಚಣಿ ಸೂಚಿಯಲ್ಲಿ ಹೆಂಡತಿ ಹೆಸರು ನೋಡಿ ಒಂದನ್ನೇ ಆರಿಸಿದರೆ ಸಾಕಾ? ಆ ಸೈನಿಕರ ಹೆಂಡತಿಯ ಹೆಸರು ನಮ್ಮತ್ತೆಗೆ ಗೊತ್ತಿದೆ. ನಾವೇ ಹೋಗಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರೆ ದುಡ್ಡು ಉಳಿಯುತ್ತಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.