ಲೈನ್‌ಮನೆಗಳಲ್ಲಿ ಸಿಕಲ್ ಸೆಲ್ ಅಧ್ಯಯನ: ಯಾರ ಒಪ್ಪಿಗೆ ಬೇಕು?

ಪ್ರಶ್ನೆ: ವಿರಾಜಪೇಟೆ ಕಡೆಯ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ಇರುವ ಯರವ, ಜೇನುಕುರುಬ ಬುಡಕಟ್ಟು ಕುಟುಂಬಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಎಂಬ ಆನುವಂಶಿಕ ರಕ್ತರೋಗವನ್ನು ಅಧ್ಯಯನ ಮಾಡಬೇಕೆಂದಿದ್ದೇನೆ. ಮಾಲೀಕರು ಅನುಮತಿ ನೀಡಿದ್ದಾರೆ, ಅಷ್ಟು ಸಾಕೇ?

ಉತ್ತರ 1: ಸಾಲದು, ಅದು ತೋಟದ ಗೇಟು ದಾಟಲು ಮಾತ್ರ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ಸಂಶೋಧನೆಯನ್ನು ಪರಿಶೀಲಿಸುವ ನೈತಿಕ ಸಮಿತಿಯ ಅನುಮೋದನೆಯ ಜೊತೆಗೆ ಭಾಗವಹಿಸುವವರ ಒಪ್ಪಿಗೆಯೂ ಬೇಕು. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಹಾಜರಿರಬೇಕು. ಕೂಲಿ ಬಟವಾಡೆ ಮಾಡುವ ರೈಟರನ್ನೇ (ತೋಟದ ಗುಮಾಸ್ತ) ಸಾಕ್ಷಿಯಾಗಿ ನಿಲ್ಲಿಸಿದರೆ, ತೋಟದಲ್ಲಿ ಮುಂಗಡ ಪಡೆದವರು ಬೇಡವೆನ್ನುವುದಾದರೂ ಹೇಗೆ?

ಉತ್ತರ 2: ಫಲಿತಾಂಶವನ್ನು ನಾಲ್ಕು ಜನರೆದುರು ಓದಬೇಡಿ. ತಂದೆ ತಾಯಿ ಇಬ್ಬರೂ ವಾಹಕರಾದರೆ (ರೋಗದ ಒಂದೇ ಜೀನ್ ಹೊತ್ತವರು) ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ಶೇ. 25, ಆದರೆ ವಾಹಕರಾಗಿರುವುದೇ ಕಾಯಿಲೆಯಲ್ಲವೆಂದು ಬಿಡಿಸಿ ಹೇಳದಿದ್ದರೆ ಹೆಣ್ಣುಮಕ್ಕಳ ಮದುವೆಗೆ ತೊಡಕಾಗಬಹುದು.

ಉತ್ತರ 3: ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಹಗಲು ಹೋಗಬೇಡಿ, ಅವರ ಕೂಲಿ ತಪ್ಪುತ್ತದೆ.