ಫ್ರೆಂಚಿನ ‘ಅಲೇ’ ನಮ್ಮ ‘ಅಲೆ’ಯಿಂದ ಬಂತಾ? – ಗುಂಪಿನ ಪ್ರಶ್ನೋತ್ತರ

ವಿದ್ಯಾರ್ಥಿನಿ: ಮೇಡಂ, ಫ್ರೆಂಚಿನಲ್ಲಿ ‘ಹೋಗು’ ಅಂದರೆ ‘ಅಲೇ’. ಆದರೆ ಹೋಗುತ್ತೇನೆ ‘ವೇ’, ಹೋಗುತ್ತೇವೆ ‘ಅಲೋಂ’, ಮುಂದೆ ಹೋಗುವೆ ‘ಇರೇ’. ಒಂದೇ ಕ್ರಿಯಾಪದ ಹೀಗ್ಯಾಕೆ?

ಫ್ರೆಂಚ್ ಮೇಡಂ: ಒಳ್ಳೆಯ ಪ್ರಶ್ನೆ. ಇದರಲ್ಲಿ ಮೂರು ಬೇರುಗಳು ಸೇರಿವೆ. ಲ್ಯಾಟಿನ್ನಿನಲ್ಲಿ ‘ಹೋಗು’ ಅಂದರೆ ‘ಈರೆ’. ಅದರ ರೂಪಗಳು ತೀರಾ ಚಿಕ್ಕವು. ಹೋಗುತ್ತಾನೆ ಅನ್ನಲು ಬರೀ ‘ಇತ್’. ಮಾತಿನ ನಡುವೆ ಕಿವಿಗೇ ಬೀಳದು. ಹಾಗಾಗಿ ಜನ ‘ಸಾಗು’ ಅನ್ನುವ ಇನ್ನೊಂದು ಲ್ಯಾಟಿನ್ ಪದ ‘ವಾದೆರೆ’ ಹಿಡಿದರು. ‘ವೇ’, ‘ವಾ’ (ಹೋಗುತ್ತಾನೆ) ಅದರ ಮಕ್ಕಳು. ‘ಈರೆ’ ಭವಿಷ್ಯತ್ತಿನಲ್ಲಿ ಉಳಿಯಿತು. ‘ಈರೆ ಹಾಬೆಯೊ’ ಅಂದರೆ ಹೆಚ್ಚುಕಮ್ಮಿ ನಮ್ಮ ‘ಹೋಗಲಿಕ್ಕಿದೆ’. ಎರಡೂ ಬೆಸೆದು ‘ಇರೇ’ ಆಯಿತು.

‘ಅಲೇ’ಯದ್ದೇ ಕಗ್ಗಂಟು. ‘ನಡೆ’ ಅನ್ನುವ ಲ್ಯಾಟಿನ್ನಿನ ‘ಆಂಬುಲಾರೆ’ಯಿಂದ ಬಂತು ಅಂತ ತುಂಬ ಜನ ವಿದ್ವಾಂಸರು ಹೇಳುತ್ತಾರೆ. ಆದರೆ ನಡುವಿನ ‘ಂಬ’ ಹಾಗೆ ಮಾಯವಾಗುವುದು ಫ್ರೆಂಚಿನ ಧ್ವನಿನಿಯಮಕ್ಕೆ ಒಗ್ಗುವುದಿಲ್ಲ. ಕಠಿಣ ಲ್ಯಾಟಿನ್ ಪದಗಳಿಗೆ ಸುಲಭ ಪದ ಕೊಡುವ 8ನೇ ಶತಮಾನದ ರೈಖೆನಾವ್ ಪದಪಟ್ಟಿಯಲ್ಲಿ ಆಗಲೇ ‘ಅಲಾರೆ’ ಇದೆ. ಸೈನ್ಯದ ಆಜ್ಞೆಯಾಗಿ ಕೂಗಿ ಕೂಗಿ ಸವೆಯಿತು ಎಂಬ ವಾದವೂ ಇದೆ. ದಿನಬಳಕೆಯ ಪದ ನಿಯಮ ಮೀರಿ ಸವೆಯುತ್ತದೆ ಅನ್ನುವುದು ನನಗೆ ಒಪ್ಪಿಗೆ.

ಸದಸ್ಯ: ವಾಟ್ಸಾಪಿನಲ್ಲಿ ಬಂದಿದೆ ನೋಡಿ. ‘ಅಲೇ’ ಕನ್ನಡದ ‘ಅಲೆ’ಯಿಂದ ಬಂದದ್ದು! ಎಲ್ಲರಿಗೂ ಕಳಿಸಿ.

ಮೇಡಂ: ದಯವಿಟ್ಟು ಕಳಿಸಬೇಡಿ. ದನಿ ಹೊಂದಿದರೆ ಸಾಲದು, ಪದ ಬಂದ ದಾರಿಗೆ ಸಾಕ್ಷಿ ಬೇಕು.

ಚೆನ್ನೈ ಕನ್ನಡಿಗ: ತಮಿಳಿನಲ್ಲೂ ‘ಅಲೈ’ ಇದೆ. ಪಾಂಡಿಚೇರಿಯಿಂದ ಹೋಗಿರಬೇಕು.

ಸದಸ್ಯ: ಎಲ್ಲವೂ ತಮಿಳಿನದ್ದೇ ಅನ್ನಬೇಡಿ ಸ್ವಾಮಿ.

ಚೆನ್ನೈ ಕನ್ನಡಿಗ: ನಾನು ಹಾಗಂದೆನಾ? ಸರಿಯಾಗಿ ಓದಿ.

ಸದಸ್ಯ: ಓದಿದ್ದೇನೆ. ನೀವೇ ಇನ್ನೊಮ್ಮೆ ಓದಿ.

ಮೇಡಂ: ಫ್ರೆಂಚರು ಪಾಂಡಿಚೇರಿಯಲ್ಲಿ ನೆಲೆಯೂರಿದ್ದು 1670ರ ದಶಕದಲ್ಲಿ. ‘ಅಲೇ’ ಅದಕ್ಕಿಂತ ಎಷ್ಟೋ ಶತಮಾನ ಹಳೆಯದು. ಇಬ್ಬರೂ ನಿಲ್ಲಿಸಿ.

ಗೃಹಿಣಿ: ಮೇಡಂ, ‘ವೇ’ ಎಲ್ಲಿಂದ ಬಂತು?

ಮೇಡಂ: ಮೇಲೆ ಬರೆದಿದ್ದೇನೆ.

ಇನ್ನೊಬ್ಬರು: ಫ್ರೆಂಚ್ ಪರೀಕ್ಷೆಗೆ ಯಾವ ಪುಸ್ತಕ ಒಳ್ಳೆಯದು?

ಸದಸ್ಯ: ‘ಇರೇ’ ನಮ್ಮ ‘ಇರು’ ಅಲ್ವಾ?

ಮೇಡಂ: ಅಲ್ಲ. ಮೇಲೆ ಓದಿ. ಫಾರ್ವರ್ಡ್ ನಂಬಿ ಮಕ್ಕಳಿಗೆ ತಪ್ಪು ಕಲಿಸಬೇಡಿ.

ವಿದ್ಯಾರ್ಥಿನಿ: ಇಟಾಲಿಯನ್ನಿನಲ್ಲೂ ಹೀಗೇನಾ ಮೇಡಂ?

ಮೇಡಂ: ಹೌದಮ್ಮ. ಹೋಗುತ್ತೇನೆ ‘ವಾದೊ’, ಹೋಗುತ್ತೇವೆ ‘ಅಂದ್ಯಾಮೊ’. ಉಚ್ಚಾರದ ಒತ್ತು ಬೇರಿನ ಮೇಲೆ ಬೀಳುವ ಕಡೆ ‘ವಾ’ ಬಂದಿದೆ. ‘ನಾವು’, ‘ನೀವು’ ರೂಪಗಳಲ್ಲಿ ಒತ್ತು ಪ್ರತ್ಯಯಕ್ಕೆ ಹೋಗುತ್ತದೆ. ಅಲ್ಲಿ ಬೇರೆ ಪದ. ಫ್ರೆಂಚಿನ ‘ಅಲೋಂ’ ಕೂಡ ಅದೇ ಸಾಲಿನದು.