‘ಫಾಯ್ಸಮ್’ಗೆ ಕನ್ನಡದಲ್ಲಿ ಏನನ್ನೋಣ? ಅಭಯವೋ, ಮರೆಯೋ, ಹೊಣೆಯೋ?

ಎಲ್ಲರಿಗೂ ನಮಸ್ಕಾರ. ಐರ್ಲೆಂಡಿನ ಹಳೆಯ ವೀರಕಥೆ ‘ತಾಯ್ನ್’ನ ಒಂದು ತುಣುಕನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಪದ ಮೂರು ದಿನದಿಂದ ಕಾಡಿಸುತ್ತಿದೆ.

ಸಂದರ್ಭ ಹೀಗಿದೆ. ಐದು ವರ್ಷದ ಸೆಟಂಟ (ಮುಂದೆ ಇವನೇ ಕೂಖುಲಿನ್) ಅಲ್ಸ್ಟರ್ ರಾಜನ ನೆಲೆಯಾದ ಎವಿನ್ ಮಾಖದ ಆಟದ ಬಯಲಿಗೆ ಸೀದಾ ನುಗ್ಗುತ್ತಾನೆ. ಅಲ್ಲಿ 150 ಹುಡುಗರು. ಅವರ ‘ಫಾಯ್ಸಮ್’ (ಅಂದರೆ ರಕ್ಷಣೆ) ಕೇಳದೆ ಯಾರೂ ಒಳಗೆ ಬರುವಂತಿಲ್ಲ. ಇವನಿಗೆ ಅದು ಗೊತ್ತಿಲ್ಲ. ಎಲ್ಲರೂ ಮೇಲೆ ಬೀಳುತ್ತಾರೆ, ಇವನು ಅವರನ್ನೇ ಕೆಡವುತ್ತಾನೆ. ರಾಜ ಕೊನ್ಖೊವರ್ ನಿಯಮ ಹೇಳಿದ ಮೇಲೆ ಫಾಯ್ಸಮ್ ಕೇಳಿ ಪಡೆಯುತ್ತಾನೆ. ಜಗಳ ಮುಗಿಯಿತು ಅನ್ನುವಷ್ಟರಲ್ಲಿ ಇವನೇ ಮತ್ತೆ ಹೊಡೆತ ಶುರು ಮಾಡುತ್ತಾನೆ! ಈಗ ಅವರೆಲ್ಲ ತನ್ನ ಫಾಯ್ಸಮ್‌ಗೆ ಬರಬೇಕಂತೆ.

ಮೊದಲು ‘ಅಭಯ’ ಎಂದು ಬರೆದೆ. ಅಭಯ ಅಂದರೆ ದೇವರ ಎತ್ತಿದ ಕೈಯೇ ಕಣ್ಮುಂದೆ ಬರುತ್ತದೆ, ಅಲ್ವಾ? ಇಲ್ಲಿರುವುದು ಕರುಣೆಯಲ್ಲ, ಕಾನೂನಿನ ಹಕ್ಕು. ಆ ಕಾಲದ ಐರ್ಲೆಂಡಿನಲ್ಲಿ ಸ್ವತಂತ್ರನಾದವನು ತನ್ನ ಸಮಾನನಿಗೆ ಅಥವಾ ತನಗಿಂತ ಕೆಳಗಿನವನಿಗೆ ಇಂತಿಷ್ಟು ಕಾಲ ರಕ್ಷಣೆ ಕೊಡಬಹುದಿತ್ತು. ಹುಡುಗನ ಹಟದ ಗುಟ್ಟು ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ಪಡೆದು ಸುಮ್ನೆ ಇದ್ದರೆ ಅವರಿಗಿಂತ ಕೆಳಗೆ ನಿಂತಂತೆ.

ರಕ್ಷಣೆಯಲ್ಲಿದ್ದವನನ್ನು ಕೊಂದರೆ, ರಕ್ಷಣೆ ಕೊಟ್ಟವನಿಗೆ ಅವನ ಮಾನದ ಬೆಲೆ ತೆರಬೇಕು. ಆ ಬೆಲೆಗೆ ಐರಿಶ್ ಹೆಸರು ‘ಲೋಗ್ ನೆನೆಖ್’, ಅಂದರೆ ಮುಖದ ಬೆಲೆ. ನಮ್ಮ ‘ಮುಖಭಂಗ’ ಇದಕ್ಕೆ ಎಷ್ಟು ಹತ್ತಿರ ನೋಡಿ.

ಈಗ ‘ಮರೆ’ಯ ಕಡೆ ಮನಸ್ಸು ವಾಲಿದೆ. ನಮ್ಮ ಶಾಸನಗಳ ಬಿರುದುಗಳಲ್ಲೂ ಮರೆಹೊಕ್ಕವರನ್ನು ಕಾಯುವ ಮಾತು ಬರುತ್ತದೆ. ‘ನಿಮ್ಮ ಮರೆ ಹೊಗುತ್ತೇನೆ’ ಚೆನ್ನಾಗಿದೆ. ಆದರೆ ಕೊಡುವವನು ಏನನ್ನಬೇಕು? ‘ಮರೆ ಕೊಟ್ಟೆ’ ಅಂದರೆ ಪರದೆ ಕಟ್ಟಿದ ಹಾಗೆ ಕೇಳುತ್ತದೆ.

ಇನ್ನೊಂದು ತೊಡಕು. ‘ತಾಯ್ನ್’ನಲ್ಲಿ ಈ ಹುಡುಗನ ಕಥೆ ಹೇಳುವವನು ಫರ್ಗಸ್, ಹಿಂದೆ ಕೊನ್ಖೊವರನ ಕಡೆಯಲ್ಲಿದ್ದ ವೀರ. ಕೊನ್ಖೊವರ್ ತನಗೆಂದು ಇಟ್ಟುಕೊಂಡಿದ್ದ ಡೇರ್ಡ್ರೆ ನೋಯ್ಶನೊಂದಿಗೆ ಓಡಿಹೋಗಿದ್ದಳು. ಮರಳಿ ಬಂದರೆ ಅಪಾಯವಿಲ್ಲ ಎಂದು ನೋಯ್ಶನಿಗೆ ಹೊಣೆ ನಿಂತವರಲ್ಲಿ ಫರ್ಗಸ್ ಕೂಡ ಒಬ್ಬ. ಆ ಮಾತು ನಂಬಿ ಬಂದ ನೋಯ್ಶನನ್ನು ಕೊನ್ಖೊವರ್ ಕೊಲ್ಲಿಸಿದ. ಅಡ್ಡ ಬಂದ ಫರ್ಗಸ್‌ನ ಮಗನೂ ಸತ್ತ. ಫರ್ಗಸ್ ಎವಿನ್ ಸುಟ್ಟು ಶತ್ರುವಿನ ಪಾಳಯ ಸೇರಿದ. ಅಲ್ಲಿ ಕೂತು ಈ ಹುಡುಗನ ಕಥೆ ಹೇಳುತ್ತಿದ್ದಾನೆ! ಅಲ್ಲಿ ‘ಹೊಣೆ’, ಇಲ್ಲಿ ‘ಮರೆ’ ಎಂದು ಬೇರೆ ಬೇರೆ ಬಳಸಿದರೆ ಓದುಗರಿಗೆ ಎರಡರ ನಂಟು ತಪ್ಪಿಹೋದೀತೇ?

ನಿಮ್ಮ ಕಡೆ ಮಾತಿನಲ್ಲಿ ‘ಮರೆಹೊಗು’ ಇನ್ನೂ ಇದೆಯೇ? ಹೊಕ್ಕವನನ್ನು ಮೂರನೆಯವನು ಬಂದು ಹೊಡೆದರೆ ಆ ತಪ್ಪಿಗೆ ಏನೆನ್ನುತ್ತೀರಿ? ಐರಿಶ್‌ನಲ್ಲಿ ಅದಕ್ಕೆ ‘ದೀಗುನ್’ ಎಂಬ ಬೇರೆಯೇ ಪದವಿದೆ. ನನಗೆ ಕನ್ನಡದ್ದು ಸಿಕ್ಕಿಲ್ಲ.